ಟೀವಿಯಲ್ಲಿ ಅಲ್ಟ್ರಾವೈಡ್: ಕಸ್ಟಮ್ ರೆಸಲ್ಯೂಶನ್ ಕೂರಿಸುವ ಪೂರ್ತಿ ಕ್ರಮ

ಮುಂಬೈಯಲ್ಲಿ ಹಾಲ್‌ನ ಟೀವಿಯೇ ಮಾನಿಟರ್ ಆಗುವುದು ಹೊಸದೇನಲ್ಲ. ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಬೇರೆ ಟೇಬಲ್ ಹಾಕಿ, ಅದರ ಮೇಲೆ 34 ಇಂಚಿನ ಅಲ್ಟ್ರಾವೈಡ್ ಮಾನಿಟರ್ (ಮಾಮೂಲಿಗಿಂತ ಅಗಲವಾದ ಪರದೆ) ಇಡೋಣ ಅಂದರೆ ಜಾಗ ಎಲ್ಲಿದೆ? ಇರುವ ಟೀವಿಗೇ ಲ್ಯಾಪ್‌ಟಾಪ್ ಜೋಡಿಸಿ ಹಗಲು ಎಕ್ಸೆಲ್, ರಾತ್ರಿ ಗೇಮ್ ಅಂತ ನಡೆಸುವವರೇ ಜಾಸ್ತಿ. ಅವರಲ್ಲಿ ಒಂದಷ್ಟು ಜನರಿಗೆ ಒಂದು ದಿನ ಅನ್ನಿಸುತ್ತದೆ: ಇದೇ ಟೀವಿಯಲ್ಲಿ ಅಲ್ಟ್ರಾವೈಡ್ ಅಗಲ ಸಿಗುತ್ತದಾ?

ಸಿಗುತ್ತದೆ, ದುಡ್ಡು ಕೊಡದೆ ಸಿಗುತ್ತದೆ. ಆದರೆ ತುಂಬಾ ಜನ ರೆಸಲ್ಯೂಶನ್, ಅಂದರೆ ಅಡ್ಡಕ್ಕೆಷ್ಟು ಉದ್ದಕ್ಕೆಷ್ಟು ಪಿಕ್ಸೆಲ್ ಅನ್ನುವ ಲೆಕ್ಕ, 2560×1080 ಅಂತ ಟೈಪ್ ಮಾಡಿ, ಓಕೆ ಒತ್ತಿ, ಪರದೆ ಕಪ್ಪಾದ ಕೂಡಲೇ ಕೈಬಿಡುತ್ತಾರೆ. ಕೆಲವರ ಪರದೆ ಕಪ್ಪಾಗುವುದಿಲ್ಲ, ಎಲ್ಲರ ಮುಖ ಉದ್ದ ಆಗುತ್ತದೆ. ಎರಡಕ್ಕೂ ಕಾರಣ ಒಂದೇ. ಚಿತ್ರವನ್ನು ಹಿಗ್ಗಿಸುವ ಕೆಲಸ ಟೀವಿಯ ಪಾಲಿಗೆ ಹೋಗಿದೆ. ಆ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್ ಕೈಯಲ್ಲಿ ಮಾಡಿಸಿದರೆ ಮುಕ್ಕಾಲು ಪಾಲು ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಟೀವಿ ಮತ್ತು ಪಿಸಿ ಏನು ಮಾತಾಡಿಕೊಳ್ಳುತ್ತವೆ

ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ ಕೂಡಲೇ ಟೀವಿ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ನಾನು ಇಂಥ ಕಂಪನಿಯವನು, ಇಷ್ಟು ದೊಡ್ಡವನು, ಇಂತಿಂಥ ರೆಸಲ್ಯೂಶನ್ ತಗೊಳ್ತೀನಿ ಅಂತ. ಈ ಮಾಹಿತಿಗೆ ಇಡಿಐಡಿ ಅನ್ನುತ್ತಾರೆ. 128 ಬೈಟಿನ ಒಂದು ಬ್ಲಾಕ್, ಟೀವಿಯಾದರೆ ಅದರ ಹಿಂದೆ ಇನ್ನೂ 128 ಬೈಟಿನ ಒಂದು ಬ್ಲಾಕ್. ಇಷ್ಟೇ. ವಿಂಡೋಸ್ ತೋರಿಸುವ ರೆಸಲ್ಯೂಶನ್ ಪಟ್ಟಿ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ.

ಮಾಟುಂಗಾದ ಉಡುಪಿ ಹೋಟೆಲಿನ ಗೋಡೆಯ ಬೋರ್ಡು ಇದ್ದ ಹಾಗೆ ಇದು. ಬೋರ್ಡಿನಲ್ಲಿ ಬರೆಯದ್ದನ್ನೂ ಒಳಗೆ ಮಾಡಿಕೊಡಬಹುದು, ಕೇಳಿ ನೋಡಬೇಕು. ಕಸ್ಟಮ್ ರೆಸಲ್ಯೂಶನ್ ಅಂದರೆ ಹಾಗೆ ಕೇಳುವುದು. ಟೀವಿ ಒಪ್ಪಿದರೆ ಚಿತ್ರ ಬರುತ್ತದೆ. ಒಪ್ಪದಿದ್ದರೆ 'ಮೋಡ್ ನಾಟ್ ಸಪೋರ್ಟೆಡ್' ಅಂತ ತೋರಿಸಿ ಸುಮ್ಮನಾಗುತ್ತದೆ. ಹಳೆಯ ಡಬ್ಬಾ ಮಾನಿಟರ್‌ಗಳ ಕಾಲದಲ್ಲಿ ತಪ್ಪು ಸಿಗ್ನಲ್ ಕಳಿಸಿ ಸರ್ಕ್ಯೂಟ್ ಸುಡುವ ಭಯ ಇತ್ತು. ಇವತ್ತಿನ ಎಲ್‌ಸಿಡಿ ಟೀವಿ ತನಗೆ ಆಗದ ಸಿಗ್ನಲ್ ಬಂದರೆ ಚಿತ್ರವನ್ನೇ ತೋರಿಸುವುದಿಲ್ಲ. ಆದರೂ ಒಮ್ಮೆಲೇ ದೊಡ್ಡ ದೊಡ್ಡ ರಿಫ್ರೆಶ್ ರೇಟ್ (ಸೆಕೆಂಡಿಗೆ ಚಿತ್ರ ಎಷ್ಟು ಸಲ ಬದಲಾಗುತ್ತದೆ ಅನ್ನುವ ಲೆಕ್ಕ) ಹಾಕಬೇಡಿ, 60 ಹರ್ಟ್ಸ್‌ನಿಂದ ಶುರು ಮಾಡಿ.

ಮೊದಲು, ನಿಮ್ಮ ಟೀವಿ ಯಾವ ಜಾತಿಯದು

ನಿಜಕ್ಕೂ ಅಗಲವಾದ ಪರದೆಯ ಟೀವಿಗಳು ಬಂದಿದ್ದವು. ಫಿಲಿಪ್ಸ್ 2009ರಲ್ಲಿ 56 ಇಂಚಿನ 'ಸಿನಿಮಾ 21:9' ತಂದಿತು, ಅದರ ಪ್ಯಾನೆಲ್ 2560×1080. ವಿಜಿಯೊ 2012ರಲ್ಲಿ ಅಮೆರಿಕದಲ್ಲಿ ಅಂಥದ್ದೇ ಒಂದನ್ನು ಮಾರಿತು. ಆ ಜಾತಿ ಹೆಚ್ಚು ದಿನ ಬಾಳಲಿಲ್ಲ. ಅಷ್ಟು ಅಗಲ ಈಗ ಸಿಗುವುದು ಮಾನಿಟರ್‌ಗಳಲ್ಲಿ. ಟೀವಿ ಚಾನೆಲ್ ಹಿಡಿಯುವ ಟ್ಯೂನರ್ ಇರುವ 29 ಇಂಚಿನ ಅಲ್ಟ್ರಾವೈಡ್‌ಗಳೂ ಒಂದು ಕಾಲಕ್ಕೆ ಮಾರುಕಟ್ಟೆಯಲ್ಲಿದ್ದವು. ಅಂಥದ್ದು ನಿಮ್ಮಲ್ಲಿದ್ದರೆ ನಿಮ್ಮ ದಾರಿ ಸ್ವಲ್ಪ ಬೇರೆ, ಕೆಳಗೆ ಬರುತ್ತೇನೆ.

ಉಳಿದವರದ್ದೆಲ್ಲ 16:9 ಟೀವಿ (ಅಗಲ 16 ಪಾಲಾದರೆ ಎತ್ತರ 9 ಪಾಲು), ಫುಲ್ ಎಚ್‌ಡಿ ಅಥವಾ 4ಕೆ. ಇದರಲ್ಲಿ ಅಲ್ಟ್ರಾವೈಡ್ ಅಂದರೆ ಮೇಲೂ ಕೆಳಗೂ ಕಪ್ಪು ಪಟ್ಟಿ ಬಿಟ್ಟು ನಡುವಿನ ಭಾಗ ಬಳಸುವುದು. "ಇಷ್ಟು ದೊಡ್ಡ ಟೀವಿ ತಗೊಂಡು ಯಾಕೆ ಕಮ್ಮಿ ಮಾಡಿಕೊಳ್ಳೋದು?" ಅಂತ ಕೇಳುವವರಿದ್ದಾರೆ. 55 ಇಂಚಿನ ಟೀವಿಯನ್ನು ನಾಲ್ಕಡಿ ದೂರದಲ್ಲಿ ಕೂತು ನೋಡಿದರೆ ಉತ್ತರ ಗೊತ್ತಾಗುತ್ತದೆ. ಮೇಲಿನ ಅಂಚು ನೋಡಲು ಕತ್ತು ಎತ್ತಬೇಕು. ಅಗಲ ಬೇಕು, ಎತ್ತರ ಬೇಡ. ಅದೂ ಅಲ್ಲದೆ ಕೆಲವು ಗೇಮ್‌ಗಳು ಅಗಲ ಹೆಚ್ಚಾದರೆ ಅಕ್ಕಪಕ್ಕದ ದೃಶ್ಯ ಜಾಸ್ತಿ ತೋರಿಸುತ್ತವೆ.

ಒಂದು ಶಾರ್ಟ್‌ಕಟ್ ಹೇಳಿಬಿಡುತ್ತೇನೆ. ಸ್ಯಾಮ್‌ಸಂಗ್ 2021ರ ನಿಯೋ ಕ್ಯೂಎಲ್‌ಇಡಿಯಿಂದ ಗೇಮ್ ಬಾರ್‌ನಲ್ಲೇ 21:9, 32:9 ಆಯ್ಕೆ ಕೊಟ್ಟಿದೆ. ಎಲ್‌ಜಿಯ ಹೊಸ ಟೀವಿಗಳ ಗೇಮ್ ಆಪ್ಟಿಮೈಸರ್‌ನಲ್ಲೂ ಅಂಥದ್ದಿದೆ. ಇದ್ದರೆ ಅದನ್ನೇ ಮೊದಲು ಒತ್ತಿ ನೋಡಿ. ಸರಿಹೋದರೆ ಈ ಲೇಖನದ ಅರ್ಧ ನಿಮಗೆ ಬೇಡ.

ಯಾವ ಸಂಖ್ಯೆ ಹಾಕಬೇಕು

'21:9' ಅನ್ನುವುದು ಅಂಗಡಿಯವರ ಮಾತು. 2560ನ್ನು 1080ರಿಂದ ಭಾಗಿಸಿದರೆ 2.37, ಅಂದರೆ 64:27. 3440×1440 ಆದರೆ 2.39. 3840×1600 ಆದರೆ ಸರಿಯಾಗಿ 2.4. ಈ ಚಿಕ್ಕ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಟೀವಿಯ ಪಿಕ್ಸೆಲ್‌ಗೆ ಒಂದಕ್ಕೊಂದು ಹೊಂದುವ ಸಂಖ್ಯೆ ಆರಿಸಿದರೆ ಅಕ್ಷರ ಚೂಪಾಗಿ ಕಾಣುತ್ತದೆ.

4ಕೆ ಟೀವಿಯಲ್ಲಿ (ಅದರ ಪರದೆ 3840×2160) ನನ್ನ ಮೊದಲ ಆಯ್ಕೆ 3840×1620. ಅಗಲ ಟೀವಿಯದ್ದೇ. ಮೇಲೆ 270, ಕೆಳಗೆ 270 ಪಿಕ್ಸೆಲ್ ಕಪ್ಪು. ಯಾವುದೂ ಹಿಗ್ಗುವುದಿಲ್ಲ, ಅಕ್ಷರ ಮಸುಕಾಗುವುದಿಲ್ಲ. ಕೆಲವು ಗೇಮ್‌ಗಳು ತಮಗೆ ಪರಿಚಯದ ಸಂಖ್ಯೆಯನ್ನೇ ಇಷ್ಟಪಡುತ್ತವೆ. ಅಲ್ಲಿ 3840×1600 ಹಾಕಿ, ಪಟ್ಟಿ 280 ಆಗುತ್ತದೆ ಅಷ್ಟೇ.

ಗ್ರಾಫಿಕ್ಸ್ ಕಾರ್ಡ್ ಹಳೆಯದು, ಅಷ್ಟು ಪಿಕ್ಸೆಲ್ ಎಳೆಯಲು ಆಗುವುದಿಲ್ಲ ಅಂದರೆ 2560×1080. ಇದನ್ನು ಒಂದೂವರೆ ಪಟ್ಟು ಮಾಡಿದರೆ ಸರಿಯಾಗಿ 3840×1620 ಬರುತ್ತದೆ, ಹಾಗಾಗಿ 4ಕೆ ಟೀವಿಗೆ ಚೆನ್ನಾಗಿ ಒಗ್ಗುತ್ತದೆ. ಗೇಮ್‌ಗೆ ಸಾಕು. ಎಕ್ಸೆಲ್‌ಗೆ ಬೇಡ, ಒಂದೂವರೆ ಪಟ್ಟಿನಲ್ಲಿ ಸಣ್ಣ ಅಕ್ಷರಗಳ ಅಂಚು ಮೆತ್ತಗಾಗುತ್ತದೆ.

ಫುಲ್ ಎಚ್‌ಡಿ ಟೀವಿಯಾದರೆ 1920×810. 3440×1440 ಅನ್ನು ಟೀವಿಯ ಮಟ್ಟಿಗೆ ಮರೆತುಬಿಡಿ. ಅದು 34 ಇಂಚಿನ ಮಾನಿಟರ್‌ಗಳ ಅಳತೆ, ಟೀವಿಯ ಯಾವ ಪಿಕ್ಸೆಲ್‌ಗೂ ನೇರವಾಗಿ ಕೂರುವುದಿಲ್ಲ.

ಕೇಬಲ್, ಪೋರ್ಟ್ ಮತ್ತು ಒಂದು ಸಣ್ಣ ಗುಣಾಕಾರ

ಕಣ್ಣಿಗೆ ಕಾಣುವ ಪಿಕ್ಸೆಲ್‌ಗಳ ಜೊತೆಗೆ ಪ್ರತಿ ಸಾಲಿನ ಕೊನೆಯಲ್ಲಿ, ಪ್ರತಿ ಫ್ರೇಮಿನ ಕೊನೆಯಲ್ಲಿ ಒಂದಿಷ್ಟು ಖಾಲಿ ಜಾಗವೂ ಕೇಬಲಿನಲ್ಲಿ ಹೋಗುತ್ತದೆ. ಇದಕ್ಕೆ ಬ್ಲ್ಯಾಂಕಿಂಗ್ ಅನ್ನುತ್ತಾರೆ. ಒಟ್ಟು ಅಗಲ, ಒಟ್ಟು ಎತ್ತರ, ರಿಫ್ರೆಶ್ ರೇಟ್ ಈ ಮೂರನ್ನು ಗುಣಿಸಿದರೆ ಪಿಕ್ಸೆಲ್ ಕ್ಲಾಕ್ ಸಿಗುತ್ತದೆ. ಉದಾಹರಣೆಗೆ ಮಾಮೂಲಿ 1920×1080 ಟೀವಿ ಸಿಗ್ನಲ್‌ನ ಒಟ್ಟು ಅಳತೆ 2200×1125. 60ರಿಂದ ಗುಣಿಸಿದರೆ 148.5 ಮೆಗಾಹರ್ಟ್ಸ್. 4ಕೆ 60 ಹರ್ಟ್ಸ್‌ಗೆ 4400×2250, ಅಂದರೆ 594.

ಈಗ ಪೋರ್ಟಿನ ಮಿತಿ. ತೀರಾ ಹಳೆಯ ಎಚ್‌ಡಿಎಂಐ, ಅಂದರೆ 1.2ರ ತನಕ, 165 ಮೆಗಾಹರ್ಟ್ಸ್. 1.3 ಮತ್ತು 1.4 ಆದರೆ 340. 2013ರಲ್ಲಿ ಬಂದ 2.0 ಆದರೆ 600. 2017ರ 2.1 ಬೇರೆಯೇ ಪದ್ಧತಿ, 48 ಗಿಗಾಬಿಟ್ ತನಕ ಹೋಗುತ್ತದೆ.

2560×1080ಕ್ಕೆ ರಿಡ್ಯೂಸ್ಡ್ ಬ್ಲ್ಯಾಂಕಿಂಗ್ (ಆ ಖಾಲಿ ಜಾಗ ಕಮ್ಮಿ ಮಾಡಿದ ಅಳತೆ) ಬಳಸಿದರೆ ಒಟ್ಟು 2720×1111, 60 ಹರ್ಟ್ಸ್‌ನಲ್ಲಿ 181 ಮೆಗಾಹರ್ಟ್ಸ್ ಹತ್ತಿರ. 165ರ ಹಳೆಯ ಪೋರ್ಟಿನಲ್ಲಿ ಇದು ಹೋಗದು. ಹಳೆಯ ಲ್ಯಾಪ್‌ಟಾಪಿನಲ್ಲಿ 'ಟೆಸ್ಟ್ ಫೇಲ್' ಅಂತ ಬರುವುದು ಇದಕ್ಕೇ. ಅದನ್ನೇ 50 ಹರ್ಟ್ಸ್ ಮಾಡಿ ನೋಡಿ, 150ರ ಆಸುಪಾಸಿಗೆ ಇಳಿಯುತ್ತದೆ, ಹೋಗುತ್ತದೆ. ನಮ್ಮ ದೇಶದ ಟೀವಿ ಪ್ರಸಾರವೇ 50 ಹರ್ಟ್ಸ್ ಲೆಕ್ಕದ್ದು. ಹಾಗಾಗಿ ಇಲ್ಲಿ ಮಾರುವ ಟೀವಿಗೆ 50 ಹೊಸದಲ್ಲ. ಮೌಸ್ ಸ್ವಲ್ಪ ಭಾರ ಅನ್ನಿಸಬಹುದು, ಅಷ್ಟೇ.

3840×1620ನ್ನು ಹಾಗೇ ನೇರವಾಗಿ 60ರಲ್ಲಿ ಕಳಿಸಿದರೆ ಸುಮಾರು 400 ಮೆಗಾಹರ್ಟ್ಸ್. 1.4 ಪೋರ್ಟಿಗೆ ಅದು ಆಗದು, 2.0 ಬೇಕು. 30 ಹರ್ಟ್ಸ್ ಆದರೆ 197ಕ್ಕೆ ಇಳಿಯುತ್ತದೆ, ಆದರೆ 30ರಲ್ಲಿ ಮೌಸ್ ಓಡಿಸುವುದು ಶಿಕ್ಷೆ.

ಕೇಬಲ್ ವಿಷಯ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕೇಳಿದರೆ ಎಲ್ಲ ಕೇಬಲ್ಲೂ '4ಕೆ ವಾಲಾ' ಆಗಿರುತ್ತದೆ. 30 ಹರ್ಟ್ಸ್‌ನ 4ಕೆಯೂ 4ಕೆಯೇ ಅಲ್ವಾ, ಅವರು ಸುಳ್ಳು ಹೇಳುತ್ತಿಲ್ಲ. ನೀವು ಕೇಳಬೇಕಾದ್ದು 'ಪ್ರೀಮಿಯಂ ಹೈ ಸ್ಪೀಡ್', ಅದು 18 ಗಿಗಾಬಿಟ್‌ನದ್ದು. 4ಕೆ 120 ಹರ್ಟ್ಸ್ ಬೇಕಾದರೆ 'ಅಲ್ಟ್ರಾ ಹೈ ಸ್ಪೀಡ್'. ಪ್ಯಾಕೆಟ್ಟಿನ ಮೇಲೆ ಸ್ಕ್ಯಾನ್ ಮಾಡುವ ಲೇಬಲ್ ಇದೆಯಾ ನೋಡಿ. ಗೋಡೆಯೊಳಗೆ ಪೈಪ್ ಹಾಕಿಸಿ ಹತ್ತು ಮೀಟರ್ ಸಾಧಾರಣ ಕೇಬಲ್ ಎಳೆಸಿದ್ದರೆ 4ಕೆ 60 ಬರುವ ಆಸೆ ಬೇಡ. ಪರೀಕ್ಷೆ ಮಾಡುವಾಗಲಾದರೂ ಎರಡು ಮೀಟರ್ ಕೇಬಲ್ಲನ್ನು ನೇರವಾಗಿ ಸಿಕ್ಕಿಸಿ.

ಟೀವಿ ಕಡೆಯ ಸೆಟ್ಟಿಂಗ್

ಪಿಸಿ ಮುಟ್ಟುವ ಮೊದಲು ರಿಮೋಟ್ ಹಿಡಿಯಿರಿ. ಮೂರು ಕೆಲಸ ಇದೆ.

ಒಂದು, ಓವರ್‌ಸ್ಕ್ಯಾನ್ ತೆಗೆಯುವುದು. ಹಳೆಯ ಪಿಕ್ಚರ್ ಟ್ಯೂಬ್ ಕಾಲದಿಂದ ಬಂದ ಅಭ್ಯಾಸ ಇದು, ಚಿತ್ರದ ಅಂಚನ್ನು ಟೀವಿ ತಾನೇ ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತದೆ. ಪಿಸಿಯ ಟಾಸ್ಕ್‌ಬಾರ್ ಅರ್ಧ ಮಾಯವಾಗುವುದು ಇದರಿಂದ. ಎಲ್‌ಜಿಯಲ್ಲಿ 'ಜಸ್ಟ್ ಸ್ಕ್ಯಾನ್' ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಸೈಜ್ ಒಳಗೆ 'ಫಿಟ್ ಟು ಸ್ಕ್ರೀನ್'. ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾವನ್ನು 'ಫುಲ್ ಪಿಕ್ಸೆಲ್' ಮಾಡಿ.

ಎರಡು, ಪೋರ್ಟಿನ ಪೂರ್ತಿ ವೇಗ ತೆರೆಯುವುದು. ಎಷ್ಟೋ ಟೀವಿಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಅಲ್ಟ್ರಾ ಎಚ್‌ಡಿ ಡೀಪ್ ಕಲರ್', ಸೋನಿಯಲ್ಲಿ 'ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್' ಒಳಗೆ 'ಎನ್‌ಹ್ಯಾನ್ಸ್ಡ್'. ಕೆಲವು ಟೀವಿಗಳಲ್ಲಿ ಎಲ್ಲ ಪೋರ್ಟಿಗೂ ಈ ಸೌಲಭ್ಯ ಇರುವುದಿಲ್ಲ. ಹಿಂದೆ ಬಗ್ಗಿ ಪೋರ್ಟಿನ ಪಕ್ಕ ಏನು ಬರೆದಿದೆ ನೋಡಿ.

ಮೂರು, ಇನ್‌ಪುಟ್‌ಗೆ 'ಪಿಸಿ' ಅಂತ ಹೆಸರು ಕೊಡುವುದು. ಎಲ್‌ಜಿ, ಸ್ಯಾಮ್‌ಸಂಗ್‌ಗಳಲ್ಲಿ ಇದು ಬರಿ ಹೆಸರಲ್ಲ. ಹೆಸರು ಬದಲಾಯಿಸಿದ ಕೂಡಲೇ ಟೀವಿ ಬಣ್ಣವನ್ನು ಅರ್ಧ ಮಾಡದೆ ಪೂರ್ತಿ ತೋರಿಸುತ್ತದೆ. ಕೆಂಪು ಅಕ್ಷರ ಕಪ್ಪು ಹಿನ್ನೆಲೆಯಲ್ಲಿ ಮಸುಕಾಗಿ ಕಂಡರೆ ಈ ಹೆಸರು ಕೊಟ್ಟಿಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ.

ಎನ್ವಿಡಿಯಾ ಕಾರ್ಡಿನಲ್ಲಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ತಪ್ಪುವುದು ಇಲ್ಲೇ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ.

1. ಎಡಗಡೆ 'ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಆ್ಯಂಡ್ ಪೊಸಿಷನ್'ಗೆ ಹೋಗಿ ಟೀವಿಯನ್ನು ಆರಿಸಿ. ಸ್ಕೇಲಿಂಗ್ 'ಆ್ಯಸ್ಪೆಕ್ಟ್ ರೇಶಿಯೊ' ಇರಲಿ, 'ಪರ್ಫಾರ್ಮ್ ಸ್ಕೇಲಿಂಗ್ ಆನ್' ಅನ್ನುವಲ್ಲಿ 'ಜಿಪಿಯು', ಅಂದರೆ ಗ್ರಾಫಿಕ್ಸ್ ಕಾರ್ಡ್. ಕೆಳಗೆ ಗೇಮ್‌ಗಳ ಸ್ಕೇಲಿಂಗ್ ಮೀರುವ ಒಂದು ಚೌಕ ಇದೆ, ಅದಕ್ಕೂ ಟಿಕ್ ಹಾಕಿ. ಅಪ್ಲೈ.

2. 'ಚೇಂಜ್ ರೆಸಲ್ಯೂಶನ್'ಗೆ ಬಂದು 'ಕಸ್ಟಮೈಜ್', ಆಮೇಲೆ 'ಕ್ರಿಯೇಟ್ ಕಸ್ಟಮ್ ರೆಸಲ್ಯೂಶನ್'. ಈ ಬಟನ್ ಮಂಕಾಗಿದ್ದರೆ '3ಡಿ ಸೆಟ್ಟಿಂಗ್ಸ್' ಒಳಗಿನ ಡಿಎಸ್‌ಆರ್ ಆಫ್ ಮಾಡಿ ಬನ್ನಿ.

3. ಮೇಲಿನ ಖಾನೆಗಳಲ್ಲಿ 3840, 1620, 60 ತುಂಬಿ. ಇನ್ನೂ ಟೆಸ್ಟ್ ಒತ್ತಬೇಡಿ.

4. ಕೆಳಗಿನ 'ಟೈಮಿಂಗ್' ಭಾಗದಲ್ಲಿ 'ಆ್ಯಕ್ಟಿವ್ ಪಿಕ್ಸೆಲ್ಸ್' ಎಷ್ಟಿದೆ ಓದಿ. 3840, 2160 ಅಂತ ಇದ್ದರೆ ಒಳ್ಳೆಯದು. ಟೀವಿಗೆ ಮಾಮೂಲಿ 4ಕೆಯೇ ಹೋಗುತ್ತದೆ, ಕಪ್ಪು ಪಟ್ಟಿ ಕಾರ್ಡೇ ಬಿಡುತ್ತದೆ. ಅಲ್ಲಿ 1620 ಇದ್ದರೆ ನೀವು ಟೀವಿಗೆ ನೇರವಾಗಿ 1620 ಸಾಲು ಕಳಿಸಲು ಹೊರಟಿದ್ದೀರಿ.

5. ಹಾಗಿದ್ದಾಗ 'ಮ್ಯಾನುಯಲ್' ಆರಿಸಿ 4ಕೆಯ ಮಾಮೂಲಿ ಅಳತೆ ತುಂಬಿ. ಇಲ್ಲಿನ ಫ್ರಂಟ್ ಪೋರ್ಚ್, ಸಿಂಕ್ ಅನ್ನುವವು ಆ ಬ್ಲ್ಯಾಂಕಿಂಗ್‌ನದೇ ಭಾಗಗಳು. ಅಡ್ಡಕ್ಕೆ ಆ್ಯಕ್ಟಿವ್ 3840, ಫ್ರಂಟ್ ಪೋರ್ಚ್ 176, ಸಿಂಕ್ 88, ಟೋಟಲ್ 4400. ಉದ್ದಕ್ಕೆ ಅದೇ ಕ್ರಮದಲ್ಲಿ 2160, 8, 10, 2250. ಫುಲ್ ಎಚ್‌ಡಿ ಟೀವಿಯಾದರೆ ಅಡ್ಡಕ್ಕೆ 1920, 88, 44, 2200, ಉದ್ದಕ್ಕೆ 1080, 4, 5, 1125.

6. ಈಗ 'ಟೆಸ್ಟ್'. ಚಿತ್ರ ಬಂದರೆ ಸೇವ್ ಮಾಡಿ, ಪಟ್ಟಿಯಲ್ಲಿ ಹೊಸ ರೆಸಲ್ಯೂಶನ್ ಆರಿಸಿ.

ಡ್ರೈವರ್ ಆವೃತ್ತಿ ಬದಲಾದ ಹಾಗೆ ಬಟನ್‌ಗಳ ಜಾಗ ಅಲ್ಲಿಂದಿಲ್ಲಿಗೆ ಹೋಗಿರುತ್ತದೆ, ಹೆಸರು ಹುಡುಕಿಕೊಳ್ಳಿ.

ನಿಜವಾಗಿಯೂ ಆಗಿದೆಯಾ ಅಂತ ವಿಂಡೋಸನ್ನು ಕೇಳಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅದರೊಳಗೆ 'ಅಡ್ವಾನ್ಸ್ಡ್ ಡಿಸ್‌ಪ್ಲೇ'. ಅಲ್ಲಿ ಎರಡು ಸಾಲು ಕಾಣುತ್ತದೆ, ಡೆಸ್ಕ್‌ಟಾಪ್ ಒಂದು, ಆ್ಯಕ್ಟಿವ್ ಸಿಗ್ನಲ್ ಇನ್ನೊಂದು. ಡೆಸ್ಕ್‌ಟಾಪ್ 3840×1620, ಸಿಗ್ನಲ್ 3840×2160 ಅಂತ ಇದ್ದರೆ ಹಿಗ್ಗಿಸುವ ಕೆಲಸ ಕಾರ್ಡ್ ಕೈಯಲ್ಲಿದೆ. ಎರಡೂ ಒಂದೇ ಇದ್ದರೆ ಟೀವಿಯ ಕೈಯಲ್ಲಿದೆ.

ಎಎಂಡಿ, ಇಂಟೆಲ್ ಮತ್ತು ಉಳಿದವರು

ಎಎಂಡಿಯಲ್ಲಿ ಅಡ್ರಿನಲಿನ್ ತೆರೆದು, ಗಿಯರ್ ಗುರುತು ಒತ್ತಿ, 'ಡಿಸ್‌ಪ್ಲೇ'ಗೆ ಹೋಗಿ. 'ಜಿಪಿಯು ಸ್ಕೇಲಿಂಗ್' ಆನ್, ಸ್ಕೇಲಿಂಗ್ ಮೋಡ್ 'ಪ್ರಿಸರ್ವ್ ಆ್ಯಸ್ಪೆಕ್ಟ್ ರೇಶಿಯೊ'. ಅದೇ ಪುಟದ 'ಎಚ್‌ಡಿಎಂಐ ಸ್ಕೇಲಿಂಗ್' ಸ್ಲೈಡರ್ ಸೊನ್ನೆಯಲ್ಲಿದೆಯಾ ನೋಡಿ, ಸುತ್ತಲೂ ಸಣ್ಣ ಕಪ್ಪು ಚೌಕಟ್ಟು ಬರುವುದು ಅದರಿಂದಲೇ. ಆಮೇಲೆ 'ಕಸ್ಟಮ್ ರೆಸಲ್ಯೂಶನ್ಸ್'. ಸಂಖ್ಯೆಗಳು ಮೇಲಿನವೇ.

ಇಂಟೆಲ್ ಗ್ರಾಫಿಕ್ಸ್‌ನ ಆ್ಯಪ್‌ನಲ್ಲೂ ಡಿಸ್‌ಪ್ಲೇ ವಿಭಾಗದಲ್ಲಿ ಕಸ್ಟಮ್ ಆಯ್ಕೆ ಇದೆ, ಆದರೆ ಟೈಮಿಂಗ್ ಮೇಲೆ ಅಷ್ಟು ಹಿಡಿತ ಸಿಗುವುದಿಲ್ಲ. ಮ್ಯಾಕ್‌ನವರು ಬೆಟರ್‌ಡಿಸ್‌ಪ್ಲೇ ಅನ್ನುವ ಆ್ಯಪ್ ನೋಡಬಹುದು. ಲಿನಕ್ಸ್‌ನವರಿಗೆ ಎಕ್ಸ್‌ರ‍್ಯಾಂಡರ್ ಗೊತ್ತಿರುತ್ತದೆ, ಹೇಳಬೇಕಿಲ್ಲ.

ನಿಜವಾದ 21:9 ಪರದೆ ಇರುವವರಿಗೆ, ಮತ್ತು ಸಿಆರ್‌ಯು

ನಿಮ್ಮದು ನಿಜಕ್ಕೂ 2560×1080 ಪ್ಯಾನೆಲ್ ಆದರೆ ಲೆಕ್ಕ ತಿರುಗುಮುರುಗು. ಇಲ್ಲಿ ಆ ಸಂಖ್ಯೆಯ ಸಿಗ್ನಲ್ ಪರದೆಗೆ ನೇರವಾಗಿ ಹೋಗಬೇಕು. ತೊಂದರೆ ಏನೆಂದರೆ ಕೆಲವು ಸೆಟ್‌ಗಳು ತಮ್ಮ ಪರಿಚಯದಲ್ಲಿ 1920×1080ನ್ನೇ ಮುಂದೆ ಹೇಳುತ್ತವೆ. ಪಿಸಿ ಅದನ್ನೇ ನಂಬಿ ಕಳಿಸುತ್ತದೆ, ಟೀವಿ ಅಡ್ಡಕ್ಕೆ ಎಳೆಯುತ್ತದೆ, ಎಲ್ಲರೂ ದಪ್ಪ ಕಾಣುತ್ತಾರೆ.

ಮೊದಲು 'ಸಿವಿಟಿ ರಿಡ್ಯೂಸ್ಡ್ ಬ್ಲ್ಯಾಂಕ್' ಟೈಮಿಂಗ್ ಹಾಕಿ ನೋಡಿ. ಒಪ್ಪದಿದ್ದರೆ ಟೀವಿ ಲೋಕದ ಅಧಿಕೃತ ಅಳತೆ ಇದೆ. 2013ರ ಸಿಇಎ-861-ಎಫ್ ಮಾನದಂಡದಲ್ಲಿ 64:27 ಮೋಡ್‌ಗಳು ಸೇರಿದವು. ಅದರ ಪ್ರಕಾರ 2560×1080, 60 ಹರ್ಟ್ಸ್‌ಗೆ ಅಡ್ಡಕ್ಕೆ ಫ್ರಂಟ್ ಪೋರ್ಚ್ 248, ಸಿಂಕ್ 44, ಟೋಟಲ್ 3000. ಉದ್ದಕ್ಕೆ 4, 5, 1100. ಪಿಕ್ಸೆಲ್ ಕ್ಲಾಕ್ 198 ಮೆಗಾಹರ್ಟ್ಸ್. ಎಷ್ಟೋ ಸಲ ಮೊದಲನೆಯದಕ್ಕೆ ಬಾಯಿ ತೆರೆಯದ ಟೀವಿ ಇದಕ್ಕೆ ಒಪ್ಪುತ್ತದೆ.

ಡ್ರೈವರ್‌ನ ಕಿಟಕಿಯಲ್ಲಿ ಆಗದಿದ್ದರೆ ಸಿಆರ್‌ಯು ಅನ್ನುವ ಉಚಿತ ಸಾಫ್ಟ್‌ವೇರ್. ಟೋಸ್ಟಿಎಕ್ಸ್ ಅನ್ನುವ ಹೆಸರಿನಲ್ಲಿ ಒಬ್ಬರು ಮಾಡಿದ್ದು. ಇದು ಟೀವಿಯನ್ನು ಮುಟ್ಟುವುದಿಲ್ಲ. ಟೀವಿ ಹೇಳಿದ ಪರಿಚಯದ ಬದಲು ನೀವು ಬರೆದ ಪರಿಚಯವನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ ಇಡುತ್ತದೆ. ಮೇಲೆ ಟೀವಿಯ ಹೆಸರು ಆರಿಸಿ, 'ಡೀಟೇಲ್ಡ್ ರೆಸಲ್ಯೂಶನ್ಸ್'ನಲ್ಲಿ 'ಆ್ಯಡ್' ಒತ್ತಿ ಸಂಖ್ಯೆ ತುಂಬಿ, ಬಾಣದ ಗುರುತಿನಿಂದ ಅದನ್ನು ಮೊದಲ ಸಾಲಿಗೆ ತನ್ನಿ. ಮೊದಲ ಸಾಲಿನದ್ದೇ ಈ ಪರದೆಯ ಸ್ವಂತ ರೆಸಲ್ಯೂಶನ್ ಅಂತ ವಿಂಡೋಸ್ ತಿಳಿಯುತ್ತದೆ. ಓಕೆ ಒತ್ತಿ, ಅದರ ಜೊತೆ ಬರುವ 'ರಿಸ್ಟಾರ್ಟ್64' ಓಡಿಸಿ. ಪರದೆ ಒಂದೆರಡು ಸಲ ಮಿಣುಕುತ್ತದೆ, ಮಾಮೂಲು.

ಕೆಳಗಿರುವ ಎಕ್ಸ್‌ಟೆನ್ಷನ್ ಬ್ಲಾಕನ್ನು (ಮೊದಲು ಹೇಳಿದ ಎರಡನೆಯ 128 ಬೈಟಿನ ಬ್ಲಾಕ್) ಮಾತ್ರ ಅಳಿಸಬೇಡಿ. ಅದು ಹೋದರೆ ಪಿಸಿಯ ಪಾಲಿಗೆ ಟೀವಿ ಬರಿ ಡಿವಿಐ ಮಾನಿಟರ್, ಧ್ವನಿ ಬಂದ್. ಇನ್ನೊಂದು, ಎಚ್‌ಡಿಎಂಐ ಧ್ವನಿ ಹೋಗುವುದೇ ಮೇಲೆ ಹೇಳಿದ ಬ್ಲ್ಯಾಂಕಿಂಗ್‌ನ ಖಾಲಿ ಜಾಗದಲ್ಲಿ. ಆ ಜಾಗ ತೀರಾ ಕಿರಿದು ಮಾಡಿದರೆ ಸ್ಟೀರಿಯೊ ಬಂದು 5.1 ಕೈಕೊಡುವ ಸಾಧ್ಯತೆ ಇದೆ. ಚಿತ್ರ ಸರಿಯಿದ್ದು ಧ್ವನಿ ಕಡಿಯುತ್ತಿದ್ದರೆ ಸ್ಪೀಕರನ್ನು ಬೈಯುವ ಮೊದಲು 3000×1100 ಟೈಮಿಂಗ್ ಹಾಕಿ ನೋಡಿ.

ಪರದೆ ಕಪ್ಪಾದರೆ

ಮುಲುಂಡ್‌ನಲ್ಲಿ ಗೆಳೆಯನ ಮನೆಯಲ್ಲಿ ಟೆಸ್ಟ್ ಒತ್ತಿದಾಗ ಟೀವಿ ಕಪ್ಪಾಗಿ 'ನೋ ಸಿಗ್ನಲ್' ತೇಲಿತು. ಅಡುಗೆಮನೆಯಿಂದ ಅವನ ಅಮ್ಮ ಬಂದರು. ಉಡುಪಿ ಕಡೆಯವರು.

"ಎಂಥ ಮಾಡಿದ್ದು ಮಾರಾಯ? ಏಳೂವರೆಗೆ ನನ್ನ ಧಾರಾವಾಹಿ ಉಂಟು."

"ಹಾಳಾಗ್ಲಿಲ್ಲ ಅಮ್ಮ, ಸ್ವಲ್ಪ ತಡಿ. ಅದೇ ಬರ್ತದೆ."

ಬಂತು. ಏನೂ ಒತ್ತದೆ ಸುಮ್ನೆ ಕೂತರೆ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಹಳೆಯ ರೆಸಲ್ಯೂಶನ್ ತಾನಾಗಿ ವಾಪಸ್ ಬರುತ್ತದೆ. ಗಾಬರಿಯಲ್ಲಿ ಎಂಟರ್ ಒತ್ತುವುದೇ ಅಪಾಯ. ಕಾಣದ ಕಿಟಕಿಯಲ್ಲಿ 'ಇದನ್ನೇ ಇಟ್ಟುಕೋ' ಅಂದ ಹಾಗಾಗಬಹುದು.

ಹಾಗೂ ಬರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು 'ಬಿ' ಒತ್ತಿ, ಗ್ರಾಫಿಕ್ಸ್ ಡ್ರೈವರ್ ಮರಳಿ ಶುರುವಾಗುತ್ತದೆ. ಲ್ಯಾಪ್‌ಟಾಪ್ ಇದ್ದವರು ಕೇಬಲ್ ಕಿತ್ತು ಅದರ ಸ್ವಂತ ಪರದೆಯಲ್ಲಿ ಸರಿ ಮಾಡಿಕೊಳ್ಳಬಹುದು. ಸಿಆರ್‌ಯು ಬಳಸಿದಾಗ ಹೀಗಾದರೆ, 'ರಿಸ್ಟಾರ್ಟ್64' ಓಡುತ್ತಿರುವಾಗಲೇ ಎಫ್8 ಒತ್ತಿದರೆ ರಿಕವರಿ ಮೋಡ್‌ಗೆ ಹೋಗುತ್ತದೆ. ಅದೂ ಆಗದಿದ್ದರೆ ಸೇಫ್ ಮೋಡ್‌ಗೆ ಹೋಗಿ 'ರಿಸೆಟ್-ಆಲ್' ಓಡಿಸಿ, ಮರಳಿ ಬೂಟ್ ಮಾಡಿ. ಏನೂ ಕಾಣದೆ ಸೇಫ್ ಮೋಡ್‌ಗೆ ಹೋಗುವುದು ಹೇಗೆ? ಬೂಟ್ ಆಗುವಾಗಲೇ ಪವರ್ ಬಟನ್ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನೇ ರಿಕವರಿ ಪರದೆ ತೋರಿಸುತ್ತದೆ.

ಮನೆಯಲ್ಲಿ ಧಾರಾವಾಹಿ ನೋಡುವವರಿದ್ದರೆ ಈ ಕೆಲಸ ಮಧ್ಯಾಹ್ನ ಇಟ್ಟುಕೊಳ್ಳಿ.

ಸರಿಯಾಗಿದೆಯಾ ಅಂತ ಅಳೆಯುವುದು

ಕಣ್ಣಂದಾಜು ಬೇಡ. ಪೇಂಟ್ ತೆರೆದು ಶಿಫ್ಟ್ ಹಿಡಿದು ಒಂದು ದೊಡ್ಡ ವೃತ್ತ ಬರೆಯಿರಿ. ಟೇಪ್ ತಂದು ಪರದೆಯ ಮೇಲೆ ಅಗಲ, ಎತ್ತರ ಎರಡನ್ನೂ ಅಳೆಯಿರಿ. ಸಮ ಇರಬೇಕು. 16:9 ಟೀವಿ 2560×1080 ಚಿತ್ರವನ್ನು ಪೂರ್ತಿ ಪರದೆಗೆ ಎಳೆದಿದ್ದರೆ 30 ಸೆಂಟಿಮೀಟರ್ ಅಗಲದ ವೃತ್ತ 40 ಸೆಂಟಿಮೀಟರ್ ಎತ್ತರ ಆಗಿರುತ್ತದೆ. ಅಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ. ಟೀವಿಯ ಪಿಕ್ಚರ್ ಸೈಜ್ ಬಟನ್‌ನಲ್ಲಿ ಝೂಮ್, ವೈಡ್ ಅಂತ ತಿರುಗಿಸಿ ಇದನ್ನು ಸರಿಮಾಡಲು ಹೋಗಬೇಡಿ. ಹಿಂದಕ್ಕೆ ಹೋಗಿ ಆ್ಯಕ್ಟಿವ್ ಸಿಗ್ನಲ್ ಏನಿದೆ ನೋಡಿ.

ಅಕ್ಷರ ಚೂಪಾಗಿದೆಯಾ ನೋಡಲು ಪೇಂಟ್‌ನಲ್ಲೇ ಒಂದು ಪಿಕ್ಸೆಲ್ ದಪ್ಪದ ಗೆರೆಗಳನ್ನು ಒಂದು ಪಿಕ್ಸೆಲ್ ಬಿಟ್ಟು ಎಳೆಯಿರಿ. ಒಂದೊಂದು ಗೆರೆಯೂ ಬೇರೆಯಾಗಿ ಕಾಣಬೇಕು. ವಿಂಡೋಸ್ ಟೀವಿಗೆ ತಾನಾಗಿ ಹಾಕುವ ಸ್ಕೇಲ್ 300 ಪರ್ಸೆಂಟ್ ತನಕ ಇರುತ್ತದೆ, ಹತ್ತಿರ ಕೂರುವವರು 125 ಅಥವಾ 150ಕ್ಕೆ ಇಳಿಸಿ.

ಸಿನಿಮಾ ನೋಡುವಾಗ

ಇಲ್ಲಿ ಎಲ್ಲರಿಗೂ ಒಂದು ನಿರಾಸೆ ಕಾದಿರುತ್ತದೆ. ಸ್ಕೋಪ್ ಸಿನಿಮಾದ (ಅಗಲ ಪರದೆಗೆಂದೇ ತೆಗೆದದ್ದು) ಅಳತೆ 2.39, ಅಲ್ಟ್ರಾವೈಡ್‌ಗೆ ಹೇಳಿ ಮಾಡಿಸಿದ್ದು. ಆದರೆ ಎಷ್ಟೋ ಸಿನಿಮಾಗಳು ನಮಗೆ ಸಿಗುವುದು 16:9 ಚೌಕಟ್ಟಿನಲ್ಲಿ, ಮೇಲೆ ಕೆಳಗೆ ಕಪ್ಪು ಪಟ್ಟಿ ವಿಡಿಯೊದೊಳಗೇ ಸೇರಿಕೊಂಡು. ಅದನ್ನು 21:9ರಲ್ಲಿ ಹಾಕಿದರೆ ಎಡಬಲಕ್ಕೂ ಕಪ್ಪು ಬರುತ್ತದೆ. ನಾಲ್ಕೂ ಕಡೆ ಕಪ್ಪು, ನಡುವೆ ಸಿನಿಮಾ. ವಿಎಲ್‌ಸಿಯಲ್ಲಿ 'ಸಿ' ಕೀ ಒತ್ತುತ್ತಾ ಹೋಗಿ, ಕ್ರಾಪ್ ಬದಲಾಗುತ್ತದೆ, 2.39:1 ಬಂದಾಗ ನಿಲ್ಲಿಸಿ. 'ಎ' ಒತ್ತಬೇಡಿ, ಅದು ಕತ್ತರಿಸುವುದಿಲ್ಲ, ಎಳೆಯುತ್ತದೆ. 16:9 ಟೀವಿಯವರಿಗೆ ಇನ್ನೂ ಸುಲಭ. ಸಿನಿಮಾಗೆ ಕಸ್ಟಮ್ ರೆಸಲ್ಯೂಶನ್ ಬೇಕೇ ಇಲ್ಲ, ಮಾಮೂಲಿ 4ಕೆಗೆ ವಾಪಸ್ ಹೋಗಿ ನೋಡಿ.

ಓಎಲ್‌ಇಡಿ ಟೀವಿಯಾದರೆ ಒಂದು ಎಚ್ಚರ. ದಿನವೂ ಎಂಟು ಗಂಟೆ ಮೇಲೆ ಕೆಳಗೆ ಕಪ್ಪು ಬಿಟ್ಟರೆ ನಡುವಿನ ಭಾಗ ಮಾತ್ರ ಸವೆಯುತ್ತದೆ. ಮುಂದೆ ಪೂರ್ತಿ ಬಿಳಿ ಪರದೆ ಹಾಕಿದಾಗ ಗಡಿ ಕಾಣುವ ಸಾಧ್ಯತೆ ಇದೆ. ಗೇಮ್‌ಗೆ ಬಳಸಿ, ಆಫೀಸ್ ಕೆಲಸಕ್ಕೆ ಬೇಡ. ಎಲ್‌ಇಡಿ ಬೆಳಕಿನ ಎಲ್‌ಸಿಡಿ ಟೀವಿಗೆ ಈ ಚಿಂತೆ ಇಲ್ಲ.

ಕೊನೆಗೆ, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡುವಾಗ 'ಕ್ಲೀನ್ ಇನ್‌ಸ್ಟಾಲ್' ಟಿಕ್ ಹಾಕಿದರೆ ನೀವು ಮಾಡಿದ ರೆಸಲ್ಯೂಶನ್ ಎಲ್ಲ ಅಳಿಸಿಹೋಗುತ್ತದೆ. ಟೈಮಿಂಗ್ ಕಿಟಕಿಯ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸಿಆರ್‌ಯು ಬಳಸಿದವರು 'ಎಕ್ಸ್‌ಪೋರ್ಟ್' ಒತ್ತಿ ಫೈಲನ್ನು ಬೇರೆ ಕಡೆ ಉಳಿಸಿಕೊಳ್ಳಿ. ಟೀವಿಯನ್ನು ಬೇರೆ ಪೋರ್ಟಿಗೆ ಬದಲಾಯಿಸಿದಾಗ ವಿಂಡೋಸ್ ಅದನ್ನು ಹೊಸ ಟೀವಿ ಅಂದುಕೊಂಡರೆ, ಅದೇ ಫೈಲನ್ನು 'ಇಂಪೋರ್ಟ್' ಮಾಡಿದರೆ ಸಾಕು.